400 ರೂಪಾಯಿ ಕೊಟ್ಟು ‘ಈಗ ಏನೂ ಮಾಡಬೇಡಿ’ ಅನ್ನಿಸಿಕೊಂಡು ಬಂದೆ

ಬಸುರಿಯರ ಈ ಕ್ಲಿನಿಕ್‌ಗೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಐದು ಕೊಡೋಣ ಅಂತಲೇ ಫೋನ್ ಕೈಗೆತ್ತಿಕೊಂಡಿದ್ದೆ, ಅಷ್ಟರಲ್ಲಿ ಆ ಕೌಂಟರ್ ನೆನಪಾಯಿತು. ಅದರ ಕಥೆ ಆಮೇಲೆ ಹೇಳುತ್ತೇನೆ.

ಕ್ಲಿನಿಕ್ ಇರುವುದು ಬಾಗಲಕೋಟೆ ನವನಗರದಲ್ಲಿ. ನವನಗರದಲ್ಲಿ ಅಡ್ರೆಸ್ ಹುಡುಕೋದು ಗೊತ್ತಲ್ಲ, ಸೆಕ್ಟರ್ ನಂಬರ್ ಕೈಯಲ್ಲಿದ್ದರೂ ಅದೇ ರಸ್ತೆಗೆ ಎರಡು ಸಲ ಬಂದು ನಿಂತಿರುತ್ತೀರಿ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಂದವರಿಗಾಗಿ ಕಟ್ಟಿದ ಊರು. ನಮ್ಮ ಅವ್ವ ಇಷ್ಟು ವರ್ಷ ಆದರೂ ಇಲ್ಲಿ ದಾರಿ ತಪ್ಪುತ್ತಾಳೆ. ಹಾಗಾಗಿ ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿಕೊಳ್ಳಿ. ಬೋರ್ಡು ಚಿಕ್ಕದು, ಮುಂದೆ ಬೇವಿನ ಮರ ಅಡ್ಡ ಇದೆ.

ನನಗೆ 31 ವರ್ಷ, ಇದು ಎರಡನೇ ಬಸಿರು. ಗಂಡನ ಮನೆ ಗುಳೇದಗುಡ್ಡ, ತವರು ವಿದ್ಯಾಗಿರಿ. ನಾಲ್ಕನೇ ತಿಂಗಳಲ್ಲಿ ಒಂದಿನ ಬಟ್ಟೆಗೆ ಎರಡು ಹನಿ ರಕ್ತ ಕಂಡಿತು. ಹೆದರಿಕೊಂಡು ಬೇರೊಂದು ಆಸ್ಪತ್ರೆಗೆ ಹೋದೆವು. ಹೆಸರು ಬರೆಯೋದಿಲ್ಲ, ಜಗಳ ನನಗೆ ಬೇಕಿಲ್ಲ. ಸ್ಕ್ಯಾನಿಂಗ್ ಮಾಡಿದರು, ಕೂಸು ಚೆನ್ನಾಗಿದೆ ಅಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ‘ಫುಲ್ ಪ್ರೊಫೈಲ್’ ಅಂತ ಒಂದು ಪ್ಯಾಕೇಜ್ ಇತ್ತು, ಅದರಲ್ಲಿ ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡೋ ಪ್ಯಾಪ್ ಸ್ಮಿಯರ್ ಜೊತೆಗೆ, ಅಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ ಇದೆಯಾ ಅಂತ ಹುಡುಕೋ ಎಚ್‌ಪಿವಿ ಟೆಸ್ಟ್ ಕೂಡ ಸೇರಿತ್ತು. ಏನು ಏತಕ್ಕೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಹಿ ಹಾಕಿದೆ.

ನಾಲ್ಕು ದಿನ ಬಿಟ್ಟು ರಾತ್ರಿ ಒಂಬತ್ತೂವರೆಗೆ ವಾಟ್ಸಾಪ್‌ಗೆ ಪಿಡಿಎಫ್ ಬಂತು. ನಮ್ಮ ಮನೆಯವರು ಶೇಂಗಾ ಸುಲಿಯುತ್ತಾ ಟಿವಿ ಮುಂದೆ ಕೂತಿದ್ದರು. ‘ಹೈ ರಿಸ್ಕ್ ಎಚ್‌ಪಿವಿ: ಪಾಸಿಟಿವ್’. ಅಷ್ಟೇ ಕಂಡದ್ದು ನನಗೆ. ಗೂಗಲ್ ಮಾಡಿದೆ, ಮಾಡಬಾರದಿತ್ತು. ಮೊದಲ ಸಾಲಿನಲ್ಲೇ ಕ್ಯಾನ್ಸರ್, ಎರಡನೇ ಸಾಲಿನಲ್ಲಿ ಲೈಂಗಿಕ ಸಂಪರ್ಕ. ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಓದಿದರು, ಬುಟ್ಟಿ ಪಕ್ಕಕ್ಕೆ ಸರಿಸಿದರು, ಏನೂ ಮಾತಾಡಲಿಲ್ಲ. ಬೈದಿದ್ದರೂ ಆಗುತ್ತಿತ್ತು ಅನ್ನಿಸಿತು.

ಮಾರನೇ ದಿನ ಅದೇ ಆಸ್ಪತ್ರೆಯಲ್ಲಿ ಮೂರೇ ಮೂರು ನಿಮಿಷ ಸಿಕ್ಕಿತು. ಇನ್ಫೆಕ್ಷನ್ ಇದೆ, ನಾರ್ಮಲ್ ಆದರೆ ಕೂಸಿಗೆ ತಗಲುತ್ತದೆ, ಸಿಜೇರಿಯನ್ ಅಂತಲೇ ಮನಸ್ಸು ಮಾಡಿಕೊಳ್ಳಿ, ಗಂಡನದೂ ಟೆಸ್ಟ್ ಮಾಡಿಸೋಣ, ಈ ಗುಳಿಗೆ ಹತ್ತು ದಿನ ತಗೊಳ್ಳಿ. ಜೊತೆಗೆ ‘ಶಕ್ತಿ ಬರೋಕೆ’ ಒಂದು ಪುಡಿ ಡಬ್ಬಿ. ಔಷಧ ಅಂಗಡಿಯ ಬಿಲ್ 2,340 ರೂಪಾಯಿ. ಆ ಡಬ್ಬಿ ಇನ್ನೂ ನಮ್ಮ ಅಡುಗೆಮನೆ ಮಾಡಿನ ಮೇಲಿದೆ, ಒಡೆದಿಲ್ಲ.

ಒಂದು ವಾರ ಮನೆಯಲ್ಲಿ ಹೇಗಿತ್ತು ಅಂತ ಇಲ್ಲಿ ಬರೆಯೋಕಾಗಲ್ಲ. ಊಟ ಬಡಿಸುವಾಗ ‘ಇನ್ನೊಂದು ರೊಟ್ಟಿ?’ ಅನ್ನೋದು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಅವರ ಮನಸ್ಸಿನಲ್ಲಿ ಒಂದು ಪ್ರಶ್ನೆ, ನನ್ನ ಮನಸ್ಸಿನಲ್ಲೂ ಅದೇ ಪ್ರಶ್ನೆ. ಇದು ಎಲ್ಲಿಂದ ಬಂತು? ಕೇಳಿದರೆ ಮುಗೀತು ಅಂತ ಇಬ್ಬರೂ ಸುಮ್ನೆ ಇದ್ದೆವು. ಕೊನೆಗೆ ನಮ್ಮ ಶಾಲೆಯ ಒಬ್ಬ ಟೀಚರ್ ಈ ಕ್ಲಿನಿಕ್ ಹೆಸರು ಹೇಳಿದರು. ‘ಮೇಡಂ ಸ್ವಲ್ಪ ಸಿಡುಕು, ಆದ್ರ ಸುಳ್ಳು ಹೇಳಂಗಿಲ್ಲ’ ಅಂದರು. ಆ ಸಿಡುಕಿಗೇ ಒಪ್ಪಿಕೊಂಡು ಹೋದೆ.

ಈಗ ಕೌಂಟರ್. ಚೀಟಿ 400 ರೂಪಾಯಿ, ನನ್ನ ನಂಬರ್ 23. ತಾಯಿ ಕಾರ್ಡ್ ಮತ್ತು ಹಳೇ ರಿಪೋರ್ಟ್ ಕೊಟ್ಟು ಹೋಗಿ ಕುರ್ಚಿಯಲ್ಲಿ ಕೂತೆ. ಹನ್ನೊಂದು ಮಂದಿ ಇದ್ದರು, ಎಣಿಸಿದ್ದೇನೆ, ಯಾಕೆಂದರೆ ಸ್ವಲ್ಪ ಹೊತ್ತಿಗೆ ಆ ಹನ್ನೊಂದೂ ಮುಖ ನನ್ನ ಕಡೆ ತಿರುಗಿದವು. ಕೌಂಟರ್‌ನ ಹುಡುಗಿ ಫೈಲ್ ಎತ್ತಿ ಹಿಡಿದು, ಸಂತೆಯಲ್ಲಿ ಟೊಮೆಟೊ ರೇಟ್ ಕೂಗೋ ಹಾಗೆ, ‘ಎಚ್‌ಪಿವಿ ಪಾಸಿಟಿವ್ ಯಾರ್ರೀ? ಬಿಪಿ ನೋಡ್ತೀವಿ ಬರ್ರಿ’ ಅಂದಳು. ನನ್ನ ಪಕ್ಕ ಕೂತಿದ್ದ ಅಜ್ಜಿ ಕಾಲು ಒಳಗೆಳೆದುಕೊಂಡರು. ‘ಎಚ್‌ಐವಿ ಏನವಾ?’ ಅಂತ ಮೆಲ್ಲಗೆ ಕೇಳಿದರು, ಆ ಮೆಲ್ಲಗೆ ಅನ್ನೋದು ಹೊರಗಿನ ಬೇವಿನ ಮರದವರೆಗೂ ಕೇಳಿತು. ಎಚ್‌ಐವಿ ಬೇರೆ, ಎಚ್‌ಪಿವಿ ಬೇರೆ, ಒಂದು ಅಕ್ಷರದ ವ್ಯತ್ಯಾಸ ಅಷ್ಟೇ ಅಲ್ಲ, ಸಂಬಂಧವೇ ಇಲ್ಲದ ಎರಡು ವೈರಸ್ ಅಂತ ಹೇಳೋಷ್ಟು ನನಗಾದರೂ ಆಗ ಎಲ್ಲಿ ಗೊತ್ತಿತ್ತು? ಬಿಪಿ 140 ತೋರಿಸಿತು. ತೋರಿಸದೆ ಏನು ಮಾಡುತ್ತೆ! ಅರ್ಧ ಗಂಟೆ ಬಿಟ್ಟು ನೋಡಿದರೆ 118. ಕಳೆದುಹೋದ ಆ ಒಂದು ಸ್ಟಾರ್ ಇದಕ್ಕೇ.

ಒಂದು ಗಂಟೆ ಐವತ್ತು ನಿಮಿಷ ಕಾದೆ. ಕುರ್ಚಿಗಳು ಬೆನ್ನಿಗೆ ಆಗಲ್ಲ, ಬಸುರಿಯರ ಕ್ಲಿನಿಕ್ ಅಂತ ಹೇಳಿಕೊಂಡು ಇಂಥ ಕಬ್ಬಿಣದ ಕುರ್ಚಿ ಯಾಕೆ ಇಟ್ಟಿದ್ದಾರೋ. ಶೌಚಾಲಯ ಮಾತ್ರ ಸ್ವಚ್ಛ, ಕಮೋಡ್ ಇದೆ, ಹಿಡಿದುಕೊಳ್ಳೋಕೆ ಪೈಪ್ ಹಾಕಿದ್ದಾರೆ. ಏಳನೇ ತಿಂಗಳು ದಾಟಿದವರಿಗೆ ಆ ಪೈಪಿನ ಬೆಲೆ ಗೊತ್ತು.

ಒಳಗೆ ಹೋದರೆ ಮೇಡಂ ಮೊದಲು ಮಾಡಿದ ಕೆಲಸ ಏನು ಗೊತ್ತಾ? ರಿಪೋರ್ಟಿನ ಎರಡನೇ ಪುಟ ತಿರುಗಿಸಿದರು. ಎರಡನೇ ಪುಟ ಅಂತ ಒಂದಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ, ಆ ಮೊದಲ ಆಸ್ಪತ್ರೆಯವರೂ ಅದನ್ನು ತೆರೆದಿರಲಿಲ್ಲ ಅಂತ ನನಗೀಗ ಖಾತ್ರಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಸಾಲು. ಟೈಪ್ 16 ಇಲ್ಲ. ಟೈಪ್ 18 ಇಲ್ಲ. ಇತರೆ ಹೈ ರಿಸ್ಕ್ ಟೈಪ್ ಇದೆ. ಕೆಳಗೆ ಪ್ಯಾಪ್ ಸ್ಮಿಯರ್ ನಾರ್ಮಲ್. ಅವರು ಆ ಮೂರು ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ‘ಇದನ್ನ ಯಾರರೆ ನಿನಗ ಓದಿ ಹೇಳಿದ್ರೇನು?’ ಅಂತ ಕೇಳಿದರು. ಇಲ್ಲ ಅಂದೆ. ಸಿಡುಕು ಕಂಡಿತು, ಆದರೆ ನನ್ನ ಮೇಲಲ್ಲ.

ಆಮೇಲೆ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ತಂಬಿಗೆ ಬರೆದರು, ಬೋರಲು ಹಾಕಿದ ತಂಬಿಗೆ. ಹೊಟ್ಟೆ ಭಾಗ ಗರ್ಭಕೋಶ, ಕೆಳಗಿನ ಕುತ್ತಿಗೆ ಗರ್ಭಕೋಶದ ಬಾಯಿ. ಈ ವೈರಸ್ ಇರೋದು ಈ ಬಾಯಿಯ ಚರ್ಮದಲ್ಲಿ, ಕೂಸು ಇರೋದು ಮೇಲೆ ನೀರಿನ ಚೀಲದೊಳಗೆ. ನನಗೆ ಕಂಡ ಎರಡು ಹನಿ ರಕ್ತಕ್ಕೂ ವೈರಸ್ಸಿಗೂ ಸಂಬಂಧ ಇರಬೇಕಿಲ್ಲ, ಬಸಿರಿನಲ್ಲಿ ಆ ಜಾಗಕ್ಕೆ ರಕ್ತ ಜಾಸ್ತಿ ಹರಿಯುತ್ತೆ, ಸ್ವಲ್ಪ ಮುಟ್ಟಿದರೂ ಜಿನುಗಬಹುದು. ಎಚ್‌ಪಿವಿಯಲ್ಲಿ 200ಕ್ಕೂ ಜಾಸ್ತಿ ಬಗೆ ಇವೆಯಂತೆ. ಕೈಮೇಲೆ ಏಳೋ ನರಹುಲಿ ಕೂಡ ಇದೇ ಮನೆತನದ್ದು, ಆದರೆ ಬೇರೆ ಬಗೆ. ಕ್ಯಾನ್ಸರ್‌ಗೆ ದಾರಿ ಮಾಡೋ ಬಗೆಗಳು ಸುಮಾರು 14. ಅದರಲ್ಲೂ 16 ಮತ್ತು 18 ಎರಡೇ ಸೇರಿ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ನಲ್ಲಿ ನೂರಕ್ಕೆ 70ರಷ್ಟಕ್ಕೆ ಕಾರಣ. ನನ್ನದು ಆ ಎರಡಲ್ಲ.

‘ಹಂಗಂದ್ರ ಉಳಿದದ್ದು ಚಲೋ ಅಂತಲ್ಲ’ ಅಂತಲೂ ಹೇಳಿದರು. ಅದು ನನಗೆ ಹಿಡಿಸಿತು, ಸುಮ್ನೆ ಸಮಾಧಾನ ಮಾಡಿ ಕಳಿಸಲಿಲ್ಲ. ಹತ್ತರಲ್ಲಿ ಒಂಬತ್ತು ಜನರಲ್ಲಿ ಇದು ಎರಡು ವರ್ಷದೊಳಗೆ ತಾನಾಗೇ ಹೋಗುತ್ತೆ. ಹೋಗದೆ ವರ್ಷಗಟ್ಟಲೆ ಕೂತುಬಿಟ್ಟರೆ ಆಗ ತೊಂದರೆ, ಅದೂ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ನಡುವೆ ಹಿಡಿಯೋಕೆ ಬೇಕಾದಷ್ಟು ಸಮಯ ಇದೆ, ತಪಾಸಣೆ ಮಾಡಿಸಿಕೊಂಡರೆ. ಪ್ಯಾಪ್ ಕೆಟ್ಟದಾಗಿ ಬಂದಿದ್ದರೆ ದುರ್ಬೀನಿನಂಥದ್ದರಲ್ಲಿ ಆ ಬಾಯಿಯನ್ನು ನೋಡೋ ಕಾಲ್ಪೊಸ್ಕೋಪಿ ಅಂತ ಮಾಡುತ್ತಿದ್ದರಂತೆ, ಅದನ್ನು ಬಸಿರಿನಲ್ಲೂ ಮಾಡಬಹುದು. ಕ್ಯಾನ್ಸರ್ ಅನುಮಾನ ಇಲ್ಲದಿದ್ದರೆ ಕೆಟ್ಟ ಚರ್ಮ ತೆಗೆಯೋ ಚಿಕಿತ್ಸೆಯನ್ನು ಮಾತ್ರ ಹೆರಿಗೆ ಆದ ಮೇಲೆ ಮಾಡುತ್ತಾರೆ. ನನಗೆ ಅದೂ ಬೇಡ. ಪ್ಯಾಪ್ ನಾರ್ಮಲ್ ಇದ್ದು ಈ ‘ಇತರೆ’ ಬಗೆ ಬಂದರೆ ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್, ಅಷ್ಟೇ.

‘ಮತ್ತ ಈಗ ಏನ್ ಮಾಡ್ಲಿ?’ ಅಂದೆ.

‘ಈಗ ಏನೂ ಮಾಡಬ್ಯಾಡ. ಕಬ್ಬಿಣದ ಗುಳಿಗಿ ತಗೋ, ಊಟ ಮಾಡು, ನಿದ್ದಿ ಮಾಡು.’

400 ರೂಪಾಯಿ ಕೊಟ್ಟು ಏನೂ ಮಾಡಬೇಡ ಅನ್ನಿಸಿಕೊಂಡದ್ದು ನಾನೊಬ್ಬಳೇ ಇರಬೇಕು ಅಂತ ನಗು ಬಂತು. ಆದರೆ ಆ ಮಾತು ಹೇಳೋಕೆ ಅವರು ತಗೊಂಡದ್ದು 20 ನಿಮಿಷ, ಹೊರಗೆ ಹತ್ತು ಜನ ಗೊಣಗುತ್ತಿದ್ದಾಗ. ಗುಳಿಗೆ ಬರೆಯೋಕೆ ಒಂದು ನಿಮಿಷ ಸಾಕಿತ್ತು ಅಲ್ವಾ?

ಆ ಹತ್ತು ದಿನದ ಗುಳಿಗೆ ತೋರಿಸಿದೆ. ಆಂಟಿಬಯೋಟಿಕ್. ವೈರಸ್ಸಿಗೆ ಅದು ತಟ್ಟೋದೇ ಇಲ್ಲ, ಎಚ್‌ಪಿವಿಯನ್ನು ಮೈಯಿಂದ ಓಡಿಸೋ ಗುಳಿಗೆ ಅಂತ ಇನ್ನೂ ಯಾವುದೂ ಬಂದಿಲ್ಲ ಅಂದರು. ಪುಡಿ ಡಬ್ಬಿ ಬಗ್ಗೆ ಮಾತೇ ಆಡಲಿಲ್ಲ, ಹುಬ್ಬು ಮೇಲೇರಿತು ಅಷ್ಟೇ.

ಆಮೇಲೆ ನಾನು ಕೇಳಲಾರದ ಪ್ರಶ್ನೆಯನ್ನು ಅವರೇ ಕೇಳಿದರು. ‘ಮನ್ಯಾಗ ಜಗಳ ಆತೇನು?’ ನಾನು ಸುಮ್ಮನಿದ್ದೆ. ಹೊರಗಿದ್ದ ನಮ್ಮವರನ್ನು ಒಳಗೆ ಕರೆಸಿ, ಕೂಡಿಸಿ, ನೆಟ್ಟಗೆ ಹೇಳಿದರು. ಗಂಡುಹೆಣ್ಣಿನ ಸಂಬಂಧ ಇರುವ ಬಹುಪಾಲು ಜನರಿಗೆ ಬದುಕಿನಲ್ಲಿ ಯಾವಾಗಲೋ ಒಮ್ಮೆ ಇದು ತಗಲಿರುತ್ತೆ, ಹೆಚ್ಚಿನವರಿಗೆ ಬಂದದ್ದೂ ಗೊತ್ತಾಗಲ್ಲ, ಹೋದದ್ದೂ ಗೊತ್ತಾಗಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಬಸಿರಿನಂಥ ಹೊತ್ತಿನಲ್ಲಿ ಟೆಸ್ಟಿಗೆ ಸಿಗಬಹುದು. ಯಾವಾಗ ಬಂತು, ಯಾರಿಂದ ಬಂತು ಅಂತ ಈ ರಿಪೋರ್ಟ್ ನೋಡಿ ಯಾವ ಡಾಕ್ಟರೂ ಹೇಳೋಕಾಗಲ್ಲ. ಇನ್ನು ಗಂಡಸರಿಗೆ ಇದನ್ನು ನೋಡೋ ರೂಢಿಯ ಟೆಸ್ಟೇ ಇಲ್ಲ, ಆ ದುಡ್ಡು ಉಳಿಸಿ ಅಂದರು. ನಮ್ಮವರು ತಲೆ ತಗ್ಗಿಸಿ ಕೇಳುತ್ತಿದ್ದರು. ಆವತ್ತು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಗಿರ್ಮಿಟ್ ಕೊಡಿಸಿದರು, ಮಿರ್ಚಿ ಬೇಡ ಅಂದರೂ ಎರಡು ಮಿರ್ಚಿ ಹಾಕಿಸಿದರು. ಒಂದು ವಾರದ ಮೇಲೆ ಮೊದಲ ಸಲ ನಕ್ಕೆವು.

ಸಿಜೇರಿಯನ್ ಬಗ್ಗೆ ಕೇಳಿದೆ, ನನ್ನ ದೊಡ್ಡ ಭಯ ಅದೇ ಆಗಿತ್ತು. ಎಚ್‌ಪಿವಿ ಇದೆ ಅನ್ನೋ ಒಂದೇ ಕಾರಣಕ್ಕೆ ಹೊಟ್ಟೆ ಕೊಯ್ಯಬೇಕಾಗಿಲ್ಲ. ಹೆರಿಗೆಯಲ್ಲಿ ಕೂಸಿಗೆ ವೈರಸ್ ದಾಟಬಹುದು, ಆದರೆ ಬಹುಪಾಲು ಕೂಸುಗಳ ಮೈ ಅದನ್ನು ತಾನೇ ತೊಳೆದು ಹಾಕುತ್ತೆ. ತುಂಬಾ ಅಪರೂಪಕ್ಕೆ ಕೂಸಿನ ಗಂಟಲಲ್ಲಿ ನರಹುಲಿಯಂಥ ಗಂಟು ಬೆಳೆದು ದನಿ ಕಟ್ಟೋದು ಉಂಟು. ಅದು ಬರೋದು 6 ಮತ್ತು 11 ಅನ್ನೋ ಬಗೆಗಳಿಂದ, ಅಂದರೆ ಕೆಳಗಿನ ಜಾಗದಲ್ಲಿ ನರಹುಲಿ ಎಬ್ಬಿಸೋ ಬಗೆಗಳಿಂದ. ಸಿಜೇರಿಯನ್ ಮಾಡಿದರೂ ಅದು ಪೂರ್ತಿ ತಪ್ಪುತ್ತೆ ಅನ್ನೋ ಖಾತ್ರಿ ಇಲ್ಲ. ನರಹುಲಿ ದೊಡ್ಡದಾಗಿ ಬೆಳೆದು ಹಾದಿಗೆ ಅಡ್ಡ ಬಂದರೆ, ಇಲ್ಲಾ ಹರಿದು ಜಾಸ್ತಿ ರಕ್ತ ಹೋಗೋ ಹಾಗಿದ್ದರೆ ಮಾತ್ರ ಆಪರೇಷನ್ ಮಾತು.

ಇದನ್ನು ನಾನು ಬರೀತಿರೋದಕ್ಕೆ ಇನ್ನೊಂದು ಕಾರಣ ಇದೆ. ಎರಡನೇ ಸಲ ಹೋದಾಗ ಹುನಗುಂದ ಕಡೆಯ ಒಬ್ಬಳು ಪಕ್ಕದಲ್ಲಿ ಕೂತಿದ್ದಳು, ಏಳು ತಿಂಗಳು, ಚೊಚ್ಚಲು. ಕೌಂಟರ್‌ನ ದನಿ ನನ್ನ ಗುಟ್ಟು ಹೊರಗೆ ಹಾಕಿದ್ದರಿಂದಲೇ ಇರಬೇಕು, ತನ್ನದೂ ಹೇಳಿಕೊಂಡಳು. ಅವಳಿಗೆ ಕೆಳಗೆ ನರಹುಲಿ ಆಗಿದ್ದವು, ಬಸಿರಾದ ಮೇಲೆ ಬೇಗ ಬೇಗ ಬೆಳೆದಿದ್ದವು. ಬಸಿರಿನಲ್ಲಿ ಹಾಗೇ ಆಗುತ್ತಂತೆ, ಮೈಯ ತಡೆಯೋ ಶಕ್ತಿ, ಹಾರ್ಮೋನು ಎಲ್ಲ ಬದಲಾಗಿರುತ್ತೆ. ಯಾರೋ ಸುಣ್ಣ ಸೋಡಾ ಹಚ್ಚು ಅಂದಿದ್ದರು. ಇನ್ಯಾರೋ ಕುದುರೆ ಕೂದಲು ಕಟ್ಟು ಅಂದರಂತೆ, ‘ಅಲ್ಲಿ ಹೆಂಗ್ ಕಟ್ಟಬೇಕ್ರಿ ಅಕ್ಕಾ?’ ಅಂತ ಅವಳು ಕೇಳಿದ್ದಕ್ಕೆ ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕೆವು. ಸುಣ್ಣ ಹಚ್ಚಿ ಸುಟ್ಟುಕೊಂಡಿದ್ದಳು ಪಾಪ, ಆ ನಗುವಿನಲ್ಲೇ ಕಣ್ಣು ತುಂಬಿತ್ತು. ಔಷಧ ಅಂಗಡಿಯಿಂದ ಕೇಳಿ ತಂದ ಪೊಡೊಫಿಲಿನ್ ಅನ್ನೋ ಬಾಟಲಿಯೂ ಚೀಲದಲ್ಲಿತ್ತು. ಮೇಡಂ ಅದನ್ನು ಇಸಕೊಂಡು ಕಸದ ಬುಟ್ಟಿಗೆ ಹಾಕಿದರಂತೆ, ಬಸುರಿಯರು ಅದನ್ನು ಮುಟ್ಟಬಾರದು. ಇಮಿಕ್ವಿಮೋಡ್ ಅನ್ನೋ ಕ್ರೀಮ್ ಕೂಡ ಈ ಹೊತ್ತಿಗೆ ಬೇಡ ಅಂತಾರೆ. ಅವಳಿಗೆ ತಣ್ಣನೆ ಗ್ಯಾಸಿನಿಂದ ಹೆಪ್ಪುಗಟ್ಟಿಸಿ ಉದುರಿಸುತ್ತಿದ್ದರು, ಅದು ಬಸಿರಿನಲ್ಲೂ ಆಗುತ್ತೆ, ಎರಡು ವಾರಕ್ಕೊಮ್ಮೆ ಬರುತ್ತಿದ್ದಳು. ಹೆರಿಗೆ ಆದ ಮೇಲೆ ಎಷ್ಟೋ ಜನರಿಗೆ ಅವು ತಾವಾಗೇ ಕುಗ್ಗುತ್ತವಂತೆ. ಅವಳ ಊರಿನ ಬಸ್ಸು ನಾಲ್ಕು ಗಂಟೆಗೆ, ಹಾಗಾಗಿ ನನ್ನ ಸರದಿ ನಂಬರ್ ಅವಳಿಗೆ ಕೊಟ್ಟೆ.

ಎಚ್‌ಪಿವಿ ಲಸಿಕೆ ವಿಷಯಕ್ಕೆ ಬಂದರೆ ಈ ಕ್ಲಿನಿಕ್ ಚೆನ್ನಾಗಿದೆ, ಒತ್ತಾಯ ಇಲ್ಲ. ‘ನಾನೂ ಹಾಕಿಸಿಕೊಳ್ಳಲಾ?’ ಅಂದೆ. ಬಸಿರಿನಲ್ಲಿ ಹಾಕಲ್ಲ. ಬಸಿರು ಗೊತ್ತಾಗದೆ ಯಾರಾದರೂ ಹಾಕಿಸಿಕೊಂಡಿದ್ದರೆ ಅದಕ್ಕಾಗಿ ಹೆದರಿ ಏನೂ ಮಾಡಿಕೊಳ್ಳೋದು ಬೇಡ, ಉಳಿದ ಡೋಸ್ ಹೆರಿಗೆ ಆದ ಮೇಲೆ. ಹಾಲೂಡಿಸೋವಾಗ ಹಾಕಿಸಿಕೊಳ್ಳಬಹುದು. ಆದರೆ ಈಗಾಗಲೇ ಮೈಯಲ್ಲಿರೋ ವೈರಸ್ಸನ್ನು ಲಸಿಕೆ ಓಡಿಸಲ್ಲ, ಮುಂದೆ ಬರೋ ಬೇರೆ ಬಗೆಗಳನ್ನು ತಡೆಯುತ್ತೆ ಅಷ್ಟೇ. ಅದರ ನಿಜವಾದ ಕೆಲಸ 9ರಿಂದ 14 ವರ್ಷದ ಹುಡುಗಿಯರಲ್ಲಿ. ನಮ್ಮ ಅಕ್ಕನ ಮಗಳಿಗೆ 11. ಆ ವಯಸ್ಸಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15 ದಾಟಿದರೆ ಮೂರು ಅಂತ ಬರೆದುಕೊಟ್ಟರು. ಒಂದೇ ಡೋಸ್ ಕೂಡ ಸಾಕಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ ಅನ್ನೋದನ್ನೂ ಮುಚ್ಚಿಡಲಿಲ್ಲ, ಮಾರೋರು ಹೀಗೆ ಹೇಳೋದು ಕಡಿಮೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದ್ದು, 6, 11, 16, 18 ನಾಲ್ಕಕ್ಕೂ ಆಗುತ್ತೆ, ಹೊರಗಿನಿಂದ ಬರೋದಕ್ಕಿಂತ ಅಗ್ಗ. ಇಲ್ಲಿ ಸ್ಟಾಕ್ ಇಟ್ಟಿರಲ್ಲ, ಎರಡು ದಿನ ಮುಂಚೆ ಫೋನ್ ಮಾಡಿದರೆ ತರಿಸುತ್ತಾರೆ.

ಅಕ್ಕನಿಗೆ 36. ಅವಳು ಒಂದು ಸಲವೂ ಗರ್ಭಕೋಶದ ಬಾಯಿಯ ತಪಾಸಣೆ ಮಾಡಿಸಿಲ್ಲ. ಅವಳೇನು, ನಮ್ಮ ಓಣಿಯಲ್ಲಿ ಕೇಳಿದರೆ ಒಬ್ಬರೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದವರಲ್ಲಿ ಇದನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಎರಡು ಮಂದಿಯೂ ಇಲ್ಲ. ಇತ್ತ 2022ರ ಅಂದಾಜು ನೋಡಿದರೆ ವರ್ಷಕ್ಕೆ 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್, ಹತ್ತಿರ ಹತ್ತಿರ 80 ಸಾವಿರ ಸಾವು. ನನ್ನನ್ನು ಹೆದರಿಸಿದ ಆ ಪ್ಯಾಕೇಜ್ ಇಲ್ಲದಿದ್ದರೆ ನಾನೂ ಆ 98ರಲ್ಲೇ ಇರುತ್ತಿದ್ದೆ ಅನ್ನೋದೂ ನಿಜ, ಅದನ್ನು ಒಪ್ಪಿಕೊಳ್ಳಬೇಕು. ಟೆಸ್ಟ್ ಮಾಡಿದ್ದು ತಪ್ಪಲ್ಲ, ಎರಡನೇ ಪುಟ ಓದದೆ ಬಿಟ್ಟಿದ್ದು ತಪ್ಪು. ಅಂದಹಾಗೆ 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿನೆಗರ್‌ನಂಥ ನೀರು ಹಚ್ಚಿ ನೋಡೋ ಪರೀಕ್ಷೆ ಇದೆ, ಒಂದು ನಿಮಿಷದಲ್ಲಿ ಬಿಳಿ ಮಚ್ಚೆ ಕಂಡರೆ ಮುಂದಿನ ತಪಾಸಣೆಗೆ ಕಳಿಸುತ್ತಾರೆ. ಇದನ್ನು ಹೇಳಿದ್ದೂ ಈ ಮೇಡಮ್ಮೇ. ತನ್ನ ಗಿರಾಕಿಯ ಅಕ್ಕನನ್ನು ಸರ್ಕಾರಿ ಆಸ್ಪತ್ರೆಗೆ ಕಳಿಸೋ ಖಾಸಗಿ ಡಾಕ್ಟರ್ ನಾನು ನೋಡಿದ್ದು ಇವರೊಬ್ಬರನ್ನೇ.

ದೂರುಗಳೂ ಇವೆ. ಸ್ಕ್ಯಾನಿಂಗ್ ಇಲ್ಲಿಲ್ಲ, ಎರಡು ಸೆಕ್ಟರ್ ಆಚೆ ಹೋಗಬೇಕು, ಆಟೋದವರು ಬಸುರಿ ನೋಡಿದ ಕೂಡಲೇ ರೇಟ್ ಏರಿಸುತ್ತಾರೆ. ಮೇಡಂ ಫೋನಿಗೆ ಸಿಗಲ್ಲ. ಹೆರಿಗೆ ದಿನ ನನ್ನ ಜೊತೆ ಇದ್ದದ್ದು ನರ್ಸ್ ಅಕ್ಕಂದಿರು, ಮೇಡಂ ಬಂದದ್ದು ಕೊನೇ ಒಂದು ಗಂಟೆ. ರೂಮಿನ ಫ್ಯಾನ್ ಏಪ್ರಿಲ್ ಬಿಸಿಲಿಗೆ ಸುಮ್ನೆ ತಿರುಗುತ್ತೆ, ಗಾಳಿ ಬರಲ್ಲ. ಬಿಲ್ ಮಾತ್ರ ಮೊದಲು ಹೇಳಿದಷ್ಟೇ, ಒಂದು ರೂಪಾಯಿ ಜಾಸ್ತಿ ಇಲ್ಲ.

ಒಂಬತ್ತನೇ ತಿಂಗಳಲ್ಲಿ ಕುಬಸ ಆಯಿತು. ಗುಳೇದಗುಡ್ಡದವರ ಮನೆ ಕುಬಸ ಅಂದರೆ ಕೇಳಬೇಕಾ, ನನ್ನ ಮಡಿಲಲ್ಲಿ ಹನ್ನೆರಡು ಖಣ ಬಿದ್ದವು. ಉಡಿ ತುಂಬುವಾಗ ಚಿಗವ್ವ ಕಿವಿಯಲ್ಲಿ ‘ಆಪರೇಷನ್ ಅಂತಲ್ಲವಾ?’ ಅಂದಳು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ‘ಯಾರ್ ಹೇಳಿದ್ರು?’ ಅಂದೆ ಅಷ್ಟೇ. ನಾರ್ಮಲ್ ಆಯಿತು, ಮಗಳು, ಎರಡು ಕೆಜಿ ಒಂಬೈನೂರು ಗ್ರಾಂ. ಅಳು ಕೇಳಿದ ಮೊದಲ ಕ್ಷಣ ನಾನು ನೋಡಿದ್ದು ದನಿ ಸರಿ ಇದೆಯಾ ಅಂತ. ಸರಿ ಇತ್ತು, ಮೂರು ಮನೆಗೆ ಕೇಳೋಷ್ಟು.

ಮೊನ್ನೆ ಆರು ವಾರದ ತಪಾಸಣೆಗೆ ಹೋಗಿದ್ದೆ. ಮತ್ತೆ ಎಚ್‌ಪಿವಿ ಟೆಸ್ಟ್ ನವೆಂಬರ್‌ನಲ್ಲಿ. ಕೌಂಟರ್‌ನಲ್ಲಿ ಅದೇ ಹುಡುಗಿ ಇದ್ದಳು. ಈ ಸಲ ನಾನೇ ಕೂಸನ್ನು ಅವ್ವನ ಕೈಗೆ ಕೊಟ್ಟು ಹತ್ತಿರ ಹೋಗಿ, ‘ಆವತ್ತು ನೀವು ಕೂಗಿದ್ದು ನನಗೆ ಬ್ಯಾಸರ ಆತ್ರೀ’ ಅಂದೆ. ಅವಳು ಕೆಂಪಾದಳು. ಆಮೇಲೆ ದಿನಾಂಕ ಬರೆಯೋ ಪುಸ್ತಕ ತಿರುಗಿಸಿ, ಪೆನ್ನು ನನ್ನ ಕೈಗೇ ಕೊಟ್ಟು, ‘ನೀವ ಬರೀರಿ ಅಕ್ಕಾರ, ಏನಂತ ಬರೀಬೇಕು’ ಅಂದಳು. ಹೆಸರು ಬರೆದೆ. ಕಾರಣದ ಜಾಗದಲ್ಲಿ ಸ್ವಲ್ಪ ಹೊತ್ತು ಯೋಚಿಸಿ ‘ತಪಾಸಣೆ’ ಅಂತ ಬರೆದೆ.